ಅಂಗಳಕ್ಕೆ ಚಿರತೆ ಬಂದರೆ: ಕಾಸರಗೋಡಿನ ತೋಟದ ಮನೆಗಳಿಗೆ

ಜನವರಿ ತಿಂಗಳು. ಅಂಗಳದ ತುಂಬ ಅಡಿಕೆ ಒಣಗಲು ಹಾಕಿದ್ದೆವು. ಬೆಳಗ್ಗೆ ಬಾಗಿಲು ತೆಗೆದರೆ ಹರಡಿದ ಅಡಿಕೆಯ ನಡುವೆ ಒಂದು ಗೇಣು ಅಗಲದ ದಾರಿ ಬಿದ್ದಿತ್ತು. ಯಾರೋ ಗೋಣಿಚೀಲ ಎಳೆದುಕೊಂಡು ಹೋದ ಹಾಗೆ. ಜಗಲಿಯ ಕಂಬದ ಬುಡದಿಂದ ಹೊರಟು, ಅಂಗಳ ದಾಟಿ, ತೋಟದ ಕಡೆ ಇಳಿದಿತ್ತು. ಕಂಬಕ್ಕೆ ಕಟ್ಟಿದ್ದ ಸಂಕೋಲೆ ಹಾಗೇ ಇತ್ತು. ಅದರ ತುದಿಯಲ್ಲಿ ಕೊರಳಪಟ್ಟಿಯೂ ಇತ್ತು, ಬಕಲು ಬಿಚ್ಚಿರಲಿಲ್ಲ. ಕೆಂಪುಕಲ್ಲಿನ ಮೆಟ್ಟಿಲ ಮೇಲೆ ನಾಲ್ಕು ಹನಿ ರಕ್ತ. ನಾಯಿ ಇರಲಿಲ್ಲ.

ರಾತ್ರಿ ಒಂದೇ ಒಂದು ಸಲ ಕುಂಯ್ ಅಂದದ್ದು ನನಗೆ ಕೇಳಿಸಿತ್ತು. ಮುಳ್ಳುಹಂದಿ ಇರಬೇಕು ಅಂತ ಮಗ್ಗುಲು ಬದಲಿಸಿ ಮಲಗಿದ್ದೆ. ಹತ್ತು ವರ್ಷ ನಮ್ಮ ಅಂಗಳ ಕಾದ ನಾಯಿ ಅದು. ಓಡಲಿಕ್ಕೆ ಆಗದ ಹಾಗೆ ಅದನ್ನು ಅಲ್ಲಿ ಕಟ್ಟಿದವನು ನಾನೇ.

ಆಮೇಲೆ ಅರಣ್ಯ ಇಲಾಖೆಯವರನ್ನು, ಪಶುವೈದ್ಯರನ್ನು, ಕಾಡಂಚಿನಲ್ಲಿ ಎಷ್ಟೋ ವರ್ಷದಿಂದ ದನ ಸಾಕಿದವರನ್ನು ಕೇಳಿ ಕೇಳಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಕಾರಡ್ಕ, ಮುಳಿಯಾರು, ದೇಲಂಪಾಡಿ, ಬೇಡಡ್ಕ, ಕುತ್ತಿಕೋಲು ಕಡೆಯವರಿಗೆ ಇದು ದಿನನಿತ್ಯದ ವಿಷಯ. ನಮ್ಮ ಮನೆಗಳು ಒಂದಕ್ಕೊಂದು ಅಂಟಿಕೊಂಡಿಲ್ಲ. ಒಂದು ಮನೆ, ಸುತ್ತ ತೋಟ, ಮೇಲೆ ಗುಡ್ಡೆ, ಅದರಾಚೆ ರಬ್ಬರ್, ಮತ್ತೆ ಕಾಡು. ಚಿರತೆಗೆ ಇದರಲ್ಲಿ ಎಲ್ಲಿ ಕಾಡು ಮುಗಿಯಿತು, ಎಲ್ಲಿ ನಮ್ಮ ಹೆಸರಿನ ವರ್ಗ ಜಾಗ ಶುರುವಾಯಿತು ಅಂತ ಗೊತ್ತಾಗುವುದಿಲ್ಲ.

ಒಂದು ಮಾತು ಮೊದಲೇ ಹೇಳುತ್ತೇನೆ. ಚಿರತೆ ನಮ್ಮ ಮನೆಗೆ ಬರುವುದು ನಮ್ಮನ್ನು ಹುಡುಕಿಕೊಂಡಲ್ಲ, ನಾಯಿಯನ್ನು ಹುಡುಕಿಕೊಂಡು. ಇದೊಂದು ತಿಳಿದರೆ ಉಳಿದ ಕೆಲಸ ಅರ್ಧ ಸುಲಭ.

ಬಂದದ್ದು ಚಿರತೆಯೇ?

ಹೆಜ್ಜೆ ಗುರುತು ಕಂಡರೆ ಗಡಿಬಿಡಿಯಲ್ಲಿ ಅದರ ಮೇಲೆ ನಡೆಯಬೇಡಿ. ಮೊದಲು ಒಂದು ಅಡಿಕೆ ಹಾಳೆಯನ್ನು ಮಗುಚಿ ಅದರ ಮೇಲಿಡಿ, ನಾಲ್ಕು ಕಡೆ ಸಣ್ಣ ಕಲ್ಲಿಡಿ. ಮಂಜಿನ ಹನಿ ಬಿದ್ದರೂ, ಕೋಳಿ ಕೆದಕಿದರೂ ಗುರುತು ಅಳಿದುಹೋಗುತ್ತದೆ. ಪಕ್ಕದ ಮನೆಯ ಹುಡುಗರೆಲ್ಲ ಬಂದು ನೋಡಿ ಹೋದ ಮೇಲಂತೂ ಏನೂ ಉಳಿಯುವುದಿಲ್ಲ.

ಫೋಟೋ ತೆಗೆಯುವಾಗ ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಇಡಿ. ಅದರ ಅಗಲ 27 ಮಿಲಿಮೀಟರ್. ಮೊಬೈಲನ್ನು ನೇರ ಮೇಲಿನಿಂದ ಹಿಡಿಯಿರಿ. ಓರೆಯಾಗಿ ತೆಗೆದರೆ ಅಳತೆ ಸಿಗುವುದಿಲ್ಲ. ಬೆಳೆದ ಚಿರತೆಯ ಹೆಜ್ಜೆ ಸುಮಾರು 7ರಿಂದ 9 ಸೆಂಟಿಮೀಟರ್ ಅಗಲ, ಅಂದರೆ ಮೂರು ನಾಣ್ಯ ಸಾಲಾಗಿ ಇಟ್ಟಷ್ಟು. ಕಾಡುಬೆಕ್ಕಿನದ್ದು ಅದರ ಅರ್ಧದಷ್ಟು ಮಾತ್ರ. ನಾಯಿಯದ್ದಾದರೆ ಬೆರಳ ತುದಿಯಲ್ಲಿ ಉಗುರು ಊರಿದ ಚುಕ್ಕಿ ಕಾಣುತ್ತದೆ. ಚಿರತೆ ನಡೆಯುವಾಗ ಉಗುರನ್ನು ಒಳಗೆ ಎಳೆದುಕೊಳ್ಳುತ್ತದೆ, ಹಾಗಾಗಿ ನಾಲ್ಕು ಬೆರಳು, ಹಿಂದೆ ದಪ್ಪ ಅಂಗಾಲು, ಅಷ್ಟೇ. ಅಂಗಾಲಿನ ಹಿಂದಿನ ಅಂಚು ಮೂರು ಉಬ್ಬಾಗಿ ಇರುತ್ತದೆ.

ರಾತ್ರಿ ಗುಡ್ಡೆಯ ಕಡೆಯಿಂದ ಮರವನ್ನು ಗರಗಸದಲ್ಲಿ ಕೊಯ್ದ ಹಾಗೆ, ಹಿಂದೆ ಮುಂದೆ ಎಳೆದ ಹಾಗೆ ಸದ್ದು ಬಂದರೆ ಅದು ಚಿರತೆಯ ಕೂಗು. ಚಿರತೆ ಕಂಡ ಮಂಗಗಳ ಗಾಬರಿಯ ಕೂಗು ಬೇರೆ. ಅದು ಹಗಲಿನಲ್ಲಿ ಕೇಳಿಸಿದರೂ ಸ್ವಲ್ಪ ಗಮನ ಕೊಡಿ.

ವಾಟ್ಸಾಪಿನಲ್ಲಿ ಬಂದ ವೀಡಿಯೋ ಸಾಕ್ಷಿ ಅಲ್ಲ. ಯಾವ ಊರು, ಯಾವ ದಿನ, ತೆಗೆದವರು ಯಾರು ಅಂತ ಕೇಳಿ. ಉತ್ತರ ಇಲ್ಲದಿದ್ದರೆ ಮುಂದೆ ಕಳಿಸಬೇಡಿ. ಈಗ ಕಂಪ್ಯೂಟರಿನಲ್ಲೇ ಹುಟ್ಟಿಸಿದ ಚಿರತೆ ಚಿತ್ರಗಳೂ ಓಡಾಡುತ್ತಿವೆ. ಒಂದು ಸುಳ್ಳು ವೀಡಿಯೋದ ಹಿಂದೆ ಇಲಾಖೆಯ ಜೀಪು ಮೂರು ಗಂಟೆ ಓಡಿದರೆ, ನಿಜವಾಗಿ ಕರು ಕಳೆದುಕೊಂಡವರ ಮನೆಗೆ ಅದು ಮೂರು ಗಂಟೆ ತಡವಾಗಿ ಬರುತ್ತದೆ.

ಫೋನ್ ಮಾಡುವಾಗ “ಹುಲಿ” ಅನ್ನಬೇಡಿ

ಇದು ನಮ್ಮ ಗಡಿನಾಡಿನದ್ದೇ ತೊಂದರೆ. ಮಲಯಾಳದಲ್ಲಿ “ಪುಲಿ” ಅಂದರೆ ಚಿರತೆ. ಹುಲಿಗೆ ಅವರು “ಕಡುವ” ಅನ್ನುತ್ತಾರೆ. ನಮ್ಮ ಕಿವಿಗೆ ಪುಲಿ ಅಂದರೆ ಹುಲಿಯೇ, ತುಳುವಿನ ಪಿಲಿಯೂ ಹುಲಿಯೇ. ಹಾಗಾಗಿ “ಪುಲಿ ಇಳಿದಿದೆ” ಅಂತ ಮಲಯಾಳ ಸುದ್ದಿ ಬಂದರೆ ಕನ್ನಡದ ಮನೆಗಳಲ್ಲಿ ಹುಲಿಯೇ ಬಂದಾಗುತ್ತದೆ, ಸಂಜೆಯೊಳಗೆ ಅದು ಎರಡು ಮರಿ ಬೇರೆ ಹಾಕಿರುತ್ತದೆ.

ಕಚೇರಿಯಲ್ಲಿ ಫೋನ್ ಎತ್ತುವವರಿಗೆ ಕನ್ನಡ ಬಾರದೆ ಇರಬಹುದು. ನಾಲ್ಕು ಮಾತು ಬಾಯಿಪಾಠ ಮಾಡಿಟ್ಟುಕೊಳ್ಳಿ. “ಇವಿಡೆ ಪುಲಿ ಇರಙ್ಙಿ” ಅಂದರೆ ಇಲ್ಲಿ ಚಿರತೆ ಬಂದಿದೆ. “ಪಟ್ಟಿಯೆ ಪಿಡಿಚ್ಚು” ಅಂದರೆ ನಾಯಿಯನ್ನು ಹಿಡಿಯಿತು. “ಪಶುವಿನೆ ಪಿಡಿಚ್ಚು” ಅಂದರೆ ದನವನ್ನು. “ಕಾಲ್ಪಾಡು ಉಂಡ್” ಅಂದರೆ ಹೆಜ್ಜೆ ಗುರುತು ಇದೆ. ಇದರ ಜೊತೆ ಪಂಚಾಯತು, ವಾರ್ಡು, ಹತ್ತಿರದ ಬಸ್ ಸ್ಟಾಪು, ಎಷ್ಟು ಹೊತ್ತಿಗೆ ಕಂಡದ್ದು, ಯಾವ ಕಡೆ ಹೋಯಿತು, ಇಷ್ಟು ಹೇಳಿದರೆ ಸಾಕು.

ನಿಮ್ಮ ಊರಿನ ಅರಣ್ಯ ಸೆಕ್ಷನ್ ಕಚೇರಿ, ರೇಂಜ್ ಕಚೇರಿ, ಕ್ಷಿಪ್ರ ಕಾರ್ಯಪಡೆ ಅಂದರೆ ಎಲ್ಲರೂ “ಆರ್‌ಆರ್‌ಟಿ” ಅನ್ನುವ ತಂಡ, ವಾರ್ಡ್ ಮೆಂಬರ್, ಇವರ ನಂಬರುಗಳನ್ನು ಇವತ್ತೇ ಕೇಳಿ ಗೋಡೆಯ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದಿಡಿ. ಮೊಬೈಲಿನೊಳಗೆ ಮಾತ್ರ ಇದ್ದರೆ ಸಾಲದು, ಮನೆಯಲ್ಲಿ ಅಜ್ಜಿ ಒಬ್ಬರೇ ಇರುವ ಹೊತ್ತೂ ಇರುತ್ತದಲ್ವಾ? ಯಾರೂ ಸಿಗದಿದ್ದರೆ 112. ದೇಲಂಪಾಡಿಯಂಥ ಗಡಿಯ ಊರಿನವರು ಪುತ್ತೂರು, ಸುಳ್ಯ ಕಡೆಯ ಇಲಾಖೆಯ ನಂಬರೂ ಇಟ್ಟುಕೊಳ್ಳಿ. ಘಟನೆ ಯಾವ ರಾಜ್ಯದ ನೆಲದಲ್ಲಿ ನಡೆಯಿತೋ ಅಲ್ಲಿಯವರಿಗೆ ಹೇಳಬೇಕು, ಆದರೆ ಚಿರತೆ ರಾತ್ರಿಯಲ್ಲಿ ಎರಡೂ ಕಡೆ ಓಡಾಡುತ್ತದೆ.

ಪಂಚಾಯತು ಮಟ್ಟದಲ್ಲಿ ಜನಜಾಗ್ರತಾ ಸಮಿತಿ ಇದೆ, ಪಂಚಾಯತು ಅಧ್ಯಕ್ಷರು ಅದರ ಮುಖ್ಯಸ್ಥರು. 2024ರ ಮಾರ್ಚಿನಲ್ಲಿ ಕೇರಳ ಸರ್ಕಾರ ಕಾಡುಪ್ರಾಣಿ ಮತ್ತು ಜನರ ಸಂಘರ್ಷವನ್ನು ರಾಜ್ಯದ ವಿಶೇಷ ವಿಪತ್ತು ಅಂತ ಘೋಷಿಸಿತು. ಹಾಗಾಗಿ ಜಿಲ್ಲಾಧಿಕಾರಿಯವರ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೂ ಇದರಲ್ಲಿ ಜವಾಬ್ದಾರಿ ಇದೆ. ಬೀದಿದೀಪ, ಪೊದೆ ಕಡಿಯುವುದು, ಶಾಲೆಯ ದಾರಿ, ಇವುಗಳನ್ನು ಸಮಿತಿಯಲ್ಲಿ ಕೇಳಿ ಬರೆಸಿ.

ನಾಯಿ ರಾತ್ರಿ ಎಲ್ಲಿ ಮಲಗುತ್ತದೆ?

ಮಹಾರಾಷ್ಟ್ರದ ಅಹಿಲ್ಯಾನಗರ (ಮೊದಲಿನ ಅಹ್ಮದ್‌ನಗರ) ಜಿಲ್ಲೆಯ ಅಕೋಲೆಯಲ್ಲಿ ಕಾಡೇ ಇಲ್ಲದ ಕಬ್ಬಿನ ಗದ್ದೆಗಳ ನಡುವೆ ಚಿರತೆಗಳು ಬದುಕಿವೆ. ವನ್ಯಜೀವಿ ವಿಜ್ಞಾನಿ ವಿದ್ಯಾ ಅತ್ರೇಯ ಮತ್ತು ಸಂಗಡಿಗರು ಅಲ್ಲಿ ಚಿರತೆಯ ಹಿಕ್ಕೆ ಹೆಕ್ಕಿ ಪರೀಕ್ಷೆ ಮಾಡಿದರು. 2014ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಅವು ತಿಂದ ಆಹಾರದ ತೂಕದಲ್ಲಿ ಶೇ. 39ರಷ್ಟು ನಾಯಿ. ಸಾಕುಪ್ರಾಣಿ ಎಲ್ಲ ಸೇರಿದರೆ ಶೇ. 87. ಅಷ್ಟು ಚಿರತೆಗಳಿದ್ದ ಆ ಜಾಗದಲ್ಲಿ ಅಧ್ಯಯನ ನಡೆದ ಕಾಲದಲ್ಲಿ ಮನುಷ್ಯರ ಸಾವು ಆಗಿರಲಿಲ್ಲ.

ಯೋಚಿಸಿ ನೋಡಿ. ಹದಿನೈದು ಇಪ್ಪತ್ತು ಕಿಲೊ ತೂಕ, ಓಡಿದರೆ ಜಾಸ್ತಿ ದೂರ ಹೋಗದು, ಕೊಂಬಿಲ್ಲ, ರಾತ್ರಿಯಿಡೀ ಬೊಗಳಿ ತಾನೆಲ್ಲಿದ್ದೇನೆ ಅಂತ ತಾನೇ ಹೇಳುತ್ತದೆ. ನಾಯಿಗಿಂತ ಸುಲಭದ ಊಟ ಚಿರತೆಗೆ ಬೇರೆ ಯಾವುದಿದೆ?

ಕಟ್ಟಿಹಾಕಿದ ನಾಯಿ ಬಿಟ್ಟ ನಾಯಿಗಿಂತ ದೊಡ್ಡ ಅಪಾಯದಲ್ಲಿದೆ. ಬಿಟ್ಟ ನಾಯಿಯೂ ಕ್ಷೇಮ ಅಲ್ಲ. ಕತ್ತಲಾದ ಮೇಲೆ ನಾಯಿ ಮುಚ್ಚಿದ ಜಾಗದೊಳಗೆ ಇರಬೇಕು, ಇದೊಂದೇ ದಾರಿ. ಮನೆಯೊಳಗೆ ಬಿಡಲು ಒಪ್ಪದಿದ್ದರೆ ಕಟ್ಟಿಗೆ ಕೊಟ್ಟಿಗೆಯ ಒಂದು ಮೂಲೆ, ಅಡಿಕೆ ಗೋಡೌನಿನ ಒಂದು ಬದಿ ಸಾಕು. ಗೂಡು ಮಾಡಿಸುವುದಾದರೆ ವೆಲ್ಡಿಂಗ್ ಶಾಪಿನಲ್ಲಿ ಕಬ್ಬಿಣದ ಸರಳಿನದ್ದು ಮಾಡಿಸಿ. ಮೇಲೆಯೂ ಸರಳು ಬೇಕು, ಬರೀ ಶೀಟು ಸಾಲದು. ಸರಳಿನ ನಡುವೆ ಎರಡು ಬೆರಳಿಗಿಂತ ಜಾಸ್ತಿ ಸಂದು ಬೇಡ, ಚಿರತೆ ಕೈ ಹಾಕಿ ಎಳೆಯುತ್ತದೆ. ಗೂಡು ಗೋಡೆಗೆ ತಾಗಿ ಇರಲಿ. ಮೂರು ಬದಿ ಹಲಗೆ ಹೊಡೆದು ಮುಚ್ಚಿ. ನಾಯಿಗೆ ಹೊರಗಿನದ್ದು ಕಾಣದಿದ್ದರೆ ಅದು ಹೆದರಿ ಸರಳಿಗೆ ಬಡಿದುಕೊಳ್ಳುವುದೂ ಕಡಿಮೆ.

“ಹಾಗಾದ್ರೆ ಅಡಿಕೆ ಕಾಯುವುದು ಯಾರು ಭಾವ?” ಅಂತ ಪಕ್ಕದ ಮನೆಯವರು ನನ್ನನ್ನು ಕೇಳಿದರು. ಸರಿಯಾದ ಪ್ರಶ್ನೆಯೇ. ಬಾಗಿಲು ಹಾಕಿದ ಗೂಡಿನೊಳಗಿಂದಲೂ ನಾಯಿ ಬೊಗಳುತ್ತದೆ, ನಮ್ಮನ್ನು ಎಬ್ಬಿಸುತ್ತದೆ. ಎಬ್ಬಿಸುವುದೇ ಅದರ ಕೆಲಸ, ಹೋರಾಡುವುದಲ್ಲ. ಮುಳ್ಳಿನ ಕೊರಳಪಟ್ಟಿ ಹಾಕಿದರೆ ಸಾಕಲ್ಲ ಅಂತ ಕೆಲವರು ಹೇಳುತ್ತಾರೆ. ಕುತ್ತಿಗೆಗೆ ಹಿಡಿಯುವುದು ತಪ್ಪಬಹುದು, ಆದರೆ ಅದನ್ನೇ ನಂಬಿ ನಾಯಿಯನ್ನು ಅಂಗಳದಲ್ಲಿ ಬಿಡುವುದು ನನಗೆ ಸರಿ ಕಾಣುವುದಿಲ್ಲ.

ರಾತ್ರಿ ನಾಯಿ ಒಂದೇ ಸಮ ಬೊಗಳಿ ಕೊನೆಗೆ ಸಣ್ಣಗೆ ನರಳಿದರೆ ಕೂಡಲೇ ಬಾಗಿಲು ತೆಗೆದು ಹೊರಗೆ ಓಡಬೇಡಿ. ಮೊದಲು ಹೊರಗಿನ ಲೈಟ್ ಹಾಕಿ. ಕಿಟಕಿಯಿಂದ ನೋಡಿ. ಪಾತ್ರೆ ಬಡಿಯಿರಿ, ಜೋರಾಗಿ ಮಾತಾಡಿ. ನಾಯಿಯನ್ನು ಬಿಡಿಸಲು ಹೋಗಿಯೇ ಎಷ್ಟೋ ಜನ ಗಾಯ ಮಾಡಿಕೊಳ್ಳುವುದು.

ಊರಿನ ಬೀದಿನಾಯಿಗಳದ್ದೂ ಇದೇ ಲೆಕ್ಕ. ಕೋಳಿ ಅಂಗಡಿಯ ತ್ಯಾಜ್ಯವನ್ನು ಚೀಲಕ್ಕೆ ತುಂಬಿ ರಾತ್ರಿ ಗುಡ್ಡೆಯ ತಿರುವಿನಲ್ಲಿ ಎಸೆಯುತ್ತಾರಲ್ಲ, ಅಲ್ಲಿಗೆ ನಾಯಿ ಬರುತ್ತದೆ, ಹಂದಿ ಬರುತ್ತದೆ, ಅವುಗಳ ಹಿಂದೆ ಚಿರತೆ. ಅದು ಯಾರು ಎಸೆದದ್ದು ಅಂತ ಊರಿನಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಸುಮ್ನೆ ಇರಬೇಡಿ, ಪಂಚಾಯತಿಗೆ ಬರೆದು ಕೊಡಿ.

ಹಟ್ಟಿ

ನಮ್ಮ ಕಡೆಯ ದನದ ಹಟ್ಟಿಗಳಿಗೆ ಸೊಂಟದೆತ್ತರದ ಗೋಡೆ, ಮೇಲೆ ಖಾಲಿ, ಆಮೇಲೆ ಮಾಡು. ಗಾಳಿಗೆ ಅದು ಒಳ್ಳೆಯದೇ. ಆದರೆ ಚಿರತೆ ನಿಂತಲ್ಲಿಂದ ಆಳೆತ್ತರಕ್ಕಿಂತ ಮೇಲೆ ಹಾರುತ್ತದೆ, ಬಾಯಲ್ಲಿ ಕರು ಕಚ್ಚಿಕೊಂಡೂ ಗೋಡೆ ದಾಟುತ್ತದೆ. ಆ ಖಾಲಿ ಜಾಗಕ್ಕೆ ವೆಲ್ಡ್ ಮೆಷ್ ಹೊಡೆಸಿ. ಕೋಳಿ ಬಲೆ ಸಾಲದು, ಅದನ್ನು ಉಗುರಿನಲ್ಲೇ ಸೀಳುತ್ತದೆ. ಮೆಷ್ ಗೋಡೆಯಿಂದ ಹಿಡಿದು ಮಾಡಿನ ಅಡ್ಡದವರೆಗೆ ತಲುಪಬೇಕು. ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಸುತ್ತ ಎಲ್ಲ ಮುಚ್ಚಿ, ಮಾಡಿನ ಅಡಿಯಲ್ಲಿ ಒಂದು ಮೊಳ ಬಿಟ್ಟಿರುತ್ತಾರೆ. ನಿಮ್ಮ ತಲೆ ಹೋಗುವಷ್ಟು ಜಾಗ ಇದ್ದರೆ ಚಿರತೆ ಪೂರ್ತಿ ಹೋಗುತ್ತದೆ.

ಬಾಗಿಲಿಗೆ ಹಗ್ಗ ಕಟ್ಟುವುದು ಬಿಡಿ. ಒಳ್ಳೆಯ ಚಿಲಕ ಹಾಕಿ. ಬಾಗಿಲಿನ ಅಡಿಯಲ್ಲಿ ಸಂದು ಇದ್ದರೆ ಒಂದು ಸಾಲು ಕೆಂಪುಕಲ್ಲು ಇಟ್ಟು ಮುಚ್ಚಿ.

ಕರುವನ್ನು ಬಾಗಿಲ ಹತ್ತಿರ ಕಟ್ಟಬೇಡಿ, ಒಳಗಿನ ಮೂಲೆಯಲ್ಲಿ ದೊಡ್ಡ ದನಗಳ ಆಚೆ ಕಟ್ಟಿ. ಆಡಿದ್ದರೆ ಅದಕ್ಕೆ ಬೇರೆಯೇ ಮುಚ್ಚಿದ ಕೋಣೆ ಬೇಕು, ಏಕೆಂದರೆ ಚಿರತೆ ಒಳಗೆ ಸೇರಿದರೆ ಒಂದಕ್ಕೆ ನಿಲ್ಲಿಸದೆ ಕೈಗೆ ಸಿಕ್ಕಿದ್ದನ್ನೆಲ್ಲ ಕೊಲ್ಲುವುದುಂಟು. ದನ ಕರು ಹಾಕಿದ ವಾರ ಹೆಚ್ಚು ಎಚ್ಚರ ಬೇಕು. ಮಾಸನ್ನು ತೋಟದ ಬದಿಯಲ್ಲಿ ಎಸೆಯಬೇಡಿ, ಆಳ ಗುಂಡಿಯಲ್ಲಿ ಹೂಳಿ.

ಹಟ್ಟಿಯ ಸುತ್ತ ಹತ್ತು ಮೀಟರ್ ಪೊದೆ ಸವರಿ. ಲಂಟಾನ ಇದ್ದರೆ ಬುಡಸಮೇತ ಕೀಳಿ. ಚಿರತೆ ಅಡಗಿ ಹತ್ತಿರ ಬಂದು ಹಾರುವ ಪ್ರಾಣಿ, ಬಯಲಿನಲ್ಲಿ ಅಟ್ಟಿಸಿಕೊಂಡು ಹೋಗುವುದು ಅದಕ್ಕೆ ಇಷ್ಟವಿಲ್ಲ. ಅಡಗಲು ಜಾಗ ಇಲ್ಲದಿದ್ದರೆ ಅರ್ಧ ಧೈರ್ಯ ಹೋಗುತ್ತದೆ.

ಕಾರಡ್ಕ ಕಡೆ ಆನೆಗೆ ಸೌರಶಕ್ತಿಯ ತೂಗುಬೇಲಿ ಹಾಕಿದ್ದಾರೆ. ಅದು ಇದೆ ಅಂತ ಚಿರತೆಯ ವಿಷಯದಲ್ಲಿ ನೆಮ್ಮದಿಯಾಗಬೇಡಿ. ಆನೆಯ ಮೈ ತಾಗಲೆಂದು ಮಾಡಿದ ಬೇಲಿ ಅದು. ಚಿರತೆ ನುಸುಳಿ ಹೋಗುತ್ತದೆ.

ನಸುಕಿನ ಕೆಲಸಗಳು

ರಬ್ಬರ್ ಟ್ಯಾಪಿಂಗ್ ಮಾಡುವವರ ಬಗ್ಗೆ ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ. ಬೆಳಕು ಹರಿಯುವ ಮೊದಲು, ಒಬ್ಬರೇ, ತಲೆಗೊಂದು ಹೆಡ್‌ಲೈಟ್ ಕಟ್ಟಿಕೊಂಡು ಹೋಗುತ್ತಾರೆ. ಬೆಳಕು ಮುಂದಕ್ಕೆ ಮಾತ್ರ. ಮರದ ಬುಡದಲ್ಲಿ ಬಗ್ಗಿದಾಗ ಹಿಂದಿನಿಂದ ನೋಡುವ ಪ್ರಾಣಿಗೆ ಅಲ್ಲಿರುವುದು ಮನುಷ್ಯ ಅಂತ ಗೊತ್ತಾಗದು. ನಿಂತ ಮನುಷ್ಯ ಚಿರತೆಗೆ ಪರಿಚಿತ, ಅದು ದೂರ ಸರಿಯುತ್ತದೆ. ಬಗ್ಗಿದವನು, ಕುಳಿತವನು ನಾಲ್ಕು ಕಾಲಿನ ಸಣ್ಣ ಪ್ರಾಣಿಯ ಹಾಗೆ ಕಾಣುತ್ತಾನೆ. ಹತ್ತಿರದಲ್ಲಿ ಚಿರತೆ ಓಡಾಟ ಇದ್ದರೆ ಕೆಲವು ವಾರ ಇಬ್ಬಿಬ್ಬರು ಹೋಗಿ, ಬೆಳಕು ಹರಿದ ಮೇಲೆ ಹೋಗಿ. ರಬ್ಬರ್ ಹಾಲು ಸ್ವಲ್ಪ ಕಡಿಮೆ ಇಳಿಯುತ್ತದೆ, ನಿಜ. ತೋಟದ ಯಜಮಾನರು ಆ ನಷ್ಟವನ್ನು ಕೆಲಸದವರ ಕೂಲಿಯಿಂದ ಹಿಡಿಯಬಾರದು. ಮೊಬೈಲಿನಲ್ಲಿ ರೇಡಿಯೋ ಹಾಕಿಕೊಳ್ಳಿ. ಇಯರ್‌ಫೋನ್ ಖಂಡಿತ ಬೇಡ.

ಅಡಿಕೆ ಹೆಕ್ಕುವವರಿಗೂ ಇದೇ ಮಾತು. ಬಗ್ಗಿ ಹೆಕ್ಕುವ ಕೆಲಸ ಬೆಳಗ್ಗೆ ಏಳೂವರೆಯ ನಂತರ ಇರಲಿ, ಸಂಜೆ ಐದೂವರೆಗೆ ನಿಲ್ಲಿಸಿ. ಡಿಪೋಗೆ ಹಾಲು ಕೊಂಡುಹೋಗುವವರು, ಬೆಳಗ್ಗೆ ಬೇಗ ಮದರಸಕ್ಕೆ ಹೋಗುವ ಮಕ್ಕಳು ಗುಂಪಾಗಿ ಹೋಗಲಿ. ಸಣ್ಣ ಮಕ್ಕಳು ದೊಡ್ಡವರ ನಡುವೆ ಇರಲಿ, ಹಿಂದೆ ಉಳಿಯದಿರಲಿ. ಬಚ್ಚಲು ಮನೆ, ಕಕ್ಕಸು ಹೊರಗಿದ್ದರೆ ಅಲ್ಲಿಗೆ ಹೋಗುವ ದಾರಿಗೆ ಒಂದು ಎಲ್‌ಇಡಿ ಬಲ್ಬು ಹಾಕಿ. ರಾತ್ರಿ ಪಂಪಿನ ಸ್ವಿಚ್ ಹಾಕಲು ತೋಟಕ್ಕೆ ಇಳಿಯುವವರು ಟಾರ್ಚನ್ನು ಕಾಲಬುಡಕ್ಕೆ ಮಾತ್ರ ಬಿಡದೆ ಎರಡೂ ಬದಿಗೆ ಬೀಸುತ್ತ ಹೋಗಿ. ಕೋಲ, ತೆಯ್ಯಂ, ಯಕ್ಷಗಾನದ ಸೀಸನಿನಲ್ಲಿ ನಸುಕಿಗೆ ಗುಡ್ಡೆದಾರಿಯಲ್ಲಿ ಒಬ್ಬರೇ ನಡೆದು ಬರಬೇಡಿ.

ಎದುರೇ ಸಿಕ್ಕಿದರೆ

ಓಡಬೇಡಿ. ಇದನ್ನು ಮಕ್ಕಳಿಗೆ ದಿನಾ ಹೇಳಿ. ಬೆನ್ನು ತೋರಿಸಿ ಓಡಿದರೆ ಅಟ್ಟಿಸುವುದು ಬೆಕ್ಕಿನ ಜಾತಿಯ ಹುಟ್ಟುಗುಣ.

ನಿಲ್ಲಿ. ಬಗ್ಗಬೇಡಿ, ಕಲ್ಲು ಹೆಕ್ಕಲಿಕ್ಕೂ ಬಗ್ಗಬೇಡಿ. ಮಗು ಜೊತೆಗಿದ್ದರೆ ಕಣ್ಣು ಚಿರತೆಯ ಕಡೆಯಲ್ಲೇ ಇಟ್ಟು ಮಗುವನ್ನು ಎತ್ತಿಕೊಳ್ಳಿ. ಕೊಡೆ ಇದ್ದರೆ ಬಿಡಿಸಿ, ಇಲ್ಲದಿದ್ದರೆ ಕೈ ಎತ್ತಿ, ಜೋರಾಗಿ ಗಟ್ಟಿ ಸ್ವರದಲ್ಲಿ ಮಾತಾಡಿ. ಕಿರುಚಬೇಡಿ. ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯಿರಿ. ಅದಕ್ಕೆ ಹೋಗಲು ದಾರಿ ಬಿಡಿ. ತೋಡಿನ ಬದಿಯ ಇಕ್ಕಟ್ಟಿನಲ್ಲಿ ನೀವು ಅದರ ದಾರಿಗೆ ಅಡ್ಡ ನಿಂತಿದ್ದರೆ ನೀವೇ ಬದಿಗೆ ಹೋಗಬೇಕು. ಹೆಚ್ಚಿನ ಸಲ ಅದು ನಿಮ್ಮನ್ನು ಒಂದು ನಿಮಿಷ ನೋಡಿ ಹೊರಟುಹೋಗುತ್ತದೆ.

ಪೊದೆಯಲ್ಲಿ ಮರಿ ಕಂಡರೆ ಮುಟ್ಟಬೇಡಿ, ಫೋಟೋ ತೆಗೆಯುತ್ತ ನಿಲ್ಲಬೇಡಿ. ತಾಯಿ ಹತ್ತಿರದಲ್ಲೇ ಇದೆ ಅಂತಲೇ ತಿಳಿಯಿರಿ. ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಲ್ಲಿ ಕಟಾವಿನ ಹೊತ್ತಿಗೆ ಮರಿ ಸಿಕ್ಕಿದರೆ ಇಲಾಖೆಯವರು ಅವನ್ನು ಡಬ್ಬಿಯಲ್ಲಿಟ್ಟು ಸಂಜೆ ಅದೇ ಜಾಗದಲ್ಲಿ ಇಡುತ್ತಾರೆ, ರಾತ್ರಿ ತಾಯಿ ಬಂದು ಕೊಂಡುಹೋಗುತ್ತದೆ. ಮರಿ ಕಳೆದುಕೊಂಡ ತಾಯಿ ಊರನ್ನು ಬಿಟ್ಟು ಹೋಗುವುದಿಲ್ಲ, ಹುಡುಕುತ್ತ ಅಲ್ಲೇ ಸುತ್ತುತ್ತದೆ.

ಸುರಂಗ, ಬಾವಿ, ಕೋಣೆ

ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದು, ನೀರು ಬತ್ತಿದ ಮೇಲೆ ಬಿಟ್ಟುಹೋದ ಸುರಂಗಗಳು ನಮ್ಮ ಗುಡ್ಡೆಗಳಲ್ಲಿ ಎಷ್ಟಿಲ್ಲ! ಆಳೆತ್ತರ, ಎರಡಡಿ ಅಗಲ, ಒಳಗೆ ತಂಪು, ಕತ್ತಲು. ಚಿರತೆಗೆ ಹಗಲು ಮಲಗಲು ಅದಕ್ಕಿಂತ ಒಳ್ಳೆಯ ಗುಹೆ ಸಿಗದು. ಆದರೆ ಅದಕ್ಕೆ ಇರುವುದು ಒಂದೇ ಬಾಯಿ. ಆ ಬಾಯಲ್ಲಿ ನೀವು ಇಣುಕಿದರೆ ಒಳಗಿನ ಪ್ರಾಣಿಗೆ ಹೊರಗೆ ಬರಲು ಇರುವುದು ನಿಮ್ಮ ಮೈಮೇಲಿನ ದಾರಿ ಮಾತ್ರ. ಉಪಯೋಗವಿಲ್ಲದ ಸುರಂಗಕ್ಕೆ ಸರಳಿನ ಬಾಗಿಲು ಹಾಕಿಸಿ. ಹಾಕುವ ಮೊದಲು ಬಾಯಿಯಲ್ಲಿ ಸಣ್ಣ ಹುಡಿಮಣ್ಣು ಹರಡಿ ಎರಡು ದಿನ ಗುರುತು ನೋಡಿ, ಒಳಗೆ ಏನೂ ಇಲ್ಲ ಅಂತ ಖಚಿತವಾಗಬೇಕು. 2025ರ ಫೆಬ್ರವರಿಯಲ್ಲಿ ಬೇಡಡ್ಕದ ಕೊಳತ್ತೂರಿನಲ್ಲಿ ಸುರಂಗದೊಳಗೆ ಸಿಕ್ಕಿಕೊಂಡಿದ್ದ ಚಿರತೆ ಅರಿವಳಿಕೆ ಕೊಡುವ ಪ್ರಯತ್ನದ ನಡುವೆಯೇ ತಪ್ಪಿಸಿಕೊಂಡು ಹೋಯಿತು. ತರಬೇತಿ ಪಡೆದವರಿಗೇ ಅಷ್ಟು ಕಷ್ಟದ ಕೆಲಸ ಅದು.

ಕೋಣೆಗೆ ನುಗ್ಗಿದರೆ ಹೊರಗಿನಿಂದ ಬಾಗಿಲು ಎಳೆದು ಚಿಲಕ ಹಾಕಿ, ಫೋನ್ ಮಾಡಿ, ದೂರ ನಿಲ್ಲಿ. ಕಟ್ಟೆ ಇಲ್ಲದ ಬಾವಿಗೆ, ಕೆರೆಗೆ ಬಿದ್ದರೆ ಪಂಪು ಹಾಕಬೇಡಿ, ಕಲ್ಲು ಎಸೆಯಬೇಡಿ. ಈ ಎಲ್ಲ ಸಂದರ್ಭದಲ್ಲೂ ನಿಜವಾದ ಅಪಾಯ ಜನಜಂಗುಳಿ. ನಾಲ್ಕು ಕಡೆ ಮುನ್ನೂರು ಜನ ಕೂಗಿದರೆ ಚಿರತೆ ಯಾವ ಕಡೆ ನುಗ್ಗೀತು? 2016ರ ಫೆಬ್ರವರಿಯಲ್ಲಿ ಬೆಂಗಳೂರಿನ ಹೊರವಲಯದ ಒಂದು ಶಾಲೆಯೊಳಗೆ ಚಿರತೆ ಸೇರಿದಾಗ ಹಿಡಿಯಲು ಹೋದವರ ಪೈಕಿ ವನ್ಯಜೀವಿ ತಜ್ಞ ಸಂಜಯ್ ಗುಬ್ಬಿಯವರೂ ಗಾಯಗೊಂಡರು. ಅರಿವಳಿಕೆ ಚುಚ್ಚಿದ ಕೂಡಲೇ ಪ್ರಾಣಿ ಬೀಳುವುದಿಲ್ಲ, ಅದಕ್ಕೆ ಹತ್ತು ಹದಿನೈದು ನಿಮಿಷವೇ ಬೇಕು. ಆ ನಿಮಿಷಗಳಲ್ಲಿ ಅದು ಏನನ್ನೂ ಮಾಡಬಹುದು. ಊರಿನ ಯುವಕ ಸಂಘದವರು ಮಾಡಬಹುದಾದ ಅತಿ ದೊಡ್ಡ ಸಹಾಯ ಅಂದರೆ ರಸ್ತೆಯಲ್ಲಿ ನಿಂತು ಜನರನ್ನು ಹಿಂದಕ್ಕೆ ಕಳಿಸುವುದು.

ಬೋನು ಇಡಿ ಅಂತ ಕೇಳುವ ಮೊದಲು

ಒಂದು ಚಿರತೆ ಕಂಡ ಕೂಡಲೇ ಊರಿನವರು ಕೇಳುವುದು ಬೋನು. ನಾನೂ ಕೇಳಿದ್ದೆ. ಸಿಟ್ಟಿತ್ತು, ಆ ಸಂಕೋಲೆ ಕಣ್ಣಮುಂದೆ ಇತ್ತು.

ಪುಣೆ ಜಿಲ್ಲೆಯ ಜುನ್ನರ್ ಕಡೆ 2001ರಿಂದ ದೊಡ್ಡ ಪ್ರಮಾಣದಲ್ಲಿ ಚಿರತೆಗಳನ್ನು ಹಿಡಿದು ಬೇರೆ ಕಾಡಿಗೆ ಬಿಟ್ಟರು. ಅದಕ್ಕೆ ಮೊದಲು ಅಲ್ಲಿ ಮನುಷ್ಯರ ಮೇಲೆ ವರ್ಷಕ್ಕೆ ಸರಾಸರಿ 4 ದಾಳಿ ಆಗುತ್ತಿತ್ತು. ಆಮೇಲೆ ಅದು 17ಕ್ಕೆ ಏರಿತು. ಬಿಟ್ಟುಬಂದ ಜಾಗಗಳ ಸುತ್ತಲೂ ದಾಳಿ ಶುರುವಾಯಿತು. ಹಿಡಿದು ಬಿಟ್ಟ ಚಿರತೆಗೆ ಹೊಸ ಜಾಗದ ನೀರು, ಬೇಟೆ, ಅಡಗುವ ಎಡೆ ಯಾವುದೂ ಗೊತ್ತಿಲ್ಲ, ಮೈಯೆಲ್ಲ ಗಾಬರಿ. ಅದು ತಿರುಗಿ ಹೊರಡುತ್ತದೆ, ದಾರಿಯಲ್ಲಿ ಊರುಗಳು ಸಿಗುತ್ತವೆ. ಇತ್ತ ಖಾಲಿಯಾದ ಜಾಗಕ್ಕೆ ಬೇರೆ ಚಿರತೆ ಬರುತ್ತದೆ. ಅದು ನಮ್ಮ ಊರಿಗೆ ಹೊಸದು, ನಾವು ಅದಕ್ಕೆ ಹೊಸಬರು. ಕೇಂದ್ರ ಸರ್ಕಾರ 2011ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಸುಮ್ಮನೆ ಓಡಾಡಿಕೊಂಡಿರುವ ಚಿರತೆಯನ್ನು ಹಿಡಿಯಬಾರದು ಅನ್ನುತ್ತದೆ.

ಮನುಷ್ಯರ ಮೇಲೆ ಬಿದ್ದ ಚಿರತೆಯ ಮಾತು ಬೇರೆ, ಆಗ ಹಿಡಿಯಲೇಬೇಕು. ಹಗಲಿನಲ್ಲೇ ಮತ್ತೆ ಮತ್ತೆ ಮನೆಯ ಹತ್ತಿರ ಬರುವ, ಕುಂಟುವ, ಗಾಯವಾದ ಚಿರತೆ ಕಂಡರೂ ಒತ್ತಾಯ ಮಾಡಿ ಹೇಳಿ. ಅದನ್ನು ತೀರ್ಮಾನಿಸುವ ಅಧಿಕಾರ ಮುಖ್ಯ ವನ್ಯಜೀವಿ ವಾರ್ಡನ್ನರದ್ದು. ನಾವು ಕೇಳಬೇಕಾದದ್ದು ಕ್ಯಾಮೆರಾ ಟ್ರ್ಯಾಪ್, ಅಂದರೆ ಪ್ರಾಣಿ ಎದುರು ಹಾದುಹೋದಾಗ ತಾನೇ ಫೋಟೋ ತೆಗೆಯುವ ಕ್ಯಾಮೆರಾ. ಬಂದದ್ದು ಒಂದೋ ಎರಡೋ, ಮರಿ ಇದೆಯೋ, ಯಾವ ಹೊತ್ತಿಗೆ ಯಾವ ದಾರಿ, ಅದು ಗೊತ್ತಾದರೆ ಆಮೇಲಿನ ಮಾತು ಸುಲಭ.

ಉರುಳು ಮತ್ತು ವಿಷ

ಹಂದಿಗೆಂದು ಬೈಕಿನ ಕ್ಲಚ್ ಕೇಬಲಿನಲ್ಲಿ ಉರುಳು ಇಡುವವರು ನಮ್ಮಲ್ಲೂ ಇದ್ದಾರೆ. ಅದಕ್ಕೆ ಚಿರತೆ ಸೊಂಟದಲ್ಲಿ ಸಿಕ್ಕಿಕೊಂಡರೆ ಎಳೆದಷ್ಟೂ ಕೇಬಲು ಒಳಗೆ ಕೊಯ್ಯುತ್ತದೆ. ಗಂಟೆಗಟ್ಟಲೆ ನರಳುತ್ತದೆ. ಬಿಡಿಸಿಕೊಂಡು ಹೋದರೂ ಬೇಟೆ ಆಡಲಾಗದ ಪ್ರಾಣಿ ಅದು, ಮುಂದೆ ಸುಲಭದ್ದನ್ನೇ ಹುಡುಕುತ್ತದೆ. ದಯವಿಟ್ಟು ನಿಮ್ಮ ತೋಟದ ಬೇಲಿಯನ್ನು ತಿಂಗಳಿಗೊಮ್ಮೆ ನೀವೇ ಸುತ್ತಿ ನೋಡಿ, ಬೇರೆಯವರು ಇಟ್ಟಿದ್ದರೂ ಜವಾಬ್ದಾರಿ ನಿಮ್ಮ ಮೇಲೆ ಬರಬಹುದು. ಹಂದಿಯ ಕಾಟಕ್ಕೆ ಬೇರೆ ದಾರಿ ಇದೆ. 2022ರಲ್ಲಿ ಕೇರಳ ಸರ್ಕಾರ ಕೃಷಿ ಹಾಳು ಮಾಡುವ ಕಾಡುಹಂದಿಯನ್ನು ಕೊಲ್ಲಿಸಲು ಆದೇಶ ಕೊಡುವ ಅಧಿಕಾರವನ್ನು ಪಂಚಾಯತು ಅಧ್ಯಕ್ಷರಿಗೆ ಕೊಟ್ಟಿದೆ. ಅಲ್ಲಿ ಅರ್ಜಿ ಹಾಕಿ.

ಸತ್ತ ಕರುವಿಗೆ ವಿಷ ಹಾಕಿಡುವ ಯೋಚನೆ ಬಂದರೆ ಅದನ್ನು ಅಲ್ಲಿಗೇ ಬಿಡಿ. ಚಿರತೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಷೆಡ್ಯೂಲಿನಲ್ಲಿದೆ. ಕೊಂದರೆ ಮೂರರಿಂದ ಏಳು ವರ್ಷ ಜೈಲು. ಆ ವಿಷವನ್ನು ಮೊದಲು ತಿನ್ನುವುದು ನೆರೆಮನೆಯ ನಾಯಿ, ಕಾಗೆ.

ಗಾಯವಾದರೆ

ರಕ್ತ ಜೋರಾಗಿ ಹರಿಯುತ್ತಿದ್ದರೆ ಮೊದಲು ಒಗೆದ ಬೈರಾಸು (ಟವೆಲ್) ಒತ್ತಿ ಹಿಡಿಯಿರಿ. 108ಕ್ಕೆ ಕರೆ ಮಾಡಿ. ರಕ್ತ ನಿಂತ ಗಾಯವನ್ನು, ಪರಚಿದ್ದು ಮಾತ್ರ ಆಗಿದ್ದರೂ, ಹರಿಯುವ ನೀರು ಮತ್ತು ಸಾಬೂನಿನಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಕಾಫಿಪುಡಿ, ಸುಣ್ಣ ಯಾವುದೂ ಬೇಡ. ರೇಬೀಸ್ ಲಸಿಕೆ, ಗಾಯದ ಸುತ್ತ ಕೊಡುವ ಇಮ್ಯುನೊಗ್ಲಾಬುಲಿನ್, ಧನುರ್ವಾಯುವಿನ ಇಂಜೆಕ್ಷನ್, ಮೂರನ್ನೂ ಕೇಳಿ ಪಡೆಯಿರಿ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಇಮ್ಯುನೊಗ್ಲಾಬುಲಿನ್ ಇದೆಯಾ ಅಂತ ಫೋನಿನಲ್ಲೇ ಕೇಳಿ, ಇಲ್ಲದಿದ್ದರೆ ನೇರ ಕಾಸರಗೋಡಿಗೋ ಮಂಗಳೂರಿಗೋ ಹೊರಡಿ. ಚಿರತೆ ಕಚ್ಚಿದ ನಾಯಿ ಬದುಕಿ ಉಳಿದಿದ್ದರೆ ಅದನ್ನೂ ಪಶುವೈದ್ಯರಿಗೆ ತೋರಿಸಿ ಲಸಿಕೆ ಹಾಕಿಸಿ.

ಪರಿಹಾರದ ಅರ್ಜಿ

ದನ ಸತ್ತ ಜಾಗದಿಂದ ಅದನ್ನು ಕದಲಿಸಬೇಡಿ. ಇದ್ದಲ್ಲೇ ನಾಲ್ಕೈದು ಫೋಟೋ ತೆಗೆಯಿರಿ, ಕುತ್ತಿಗೆಯ ಹಲ್ಲಿನ ಗುರುತು ಹತ್ತಿರದಿಂದ ಒಂದು ಇರಲಿ. ಅರಣ್ಯ ಇಲಾಖೆಯವರು ಬಂದು ನೋಡಬೇಕು, ಪಶುವೈದ್ಯರು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡಬೇಕು. ಅದಾದ ಕೂಡಲೇ, ರಾತ್ರಿಯಾಗುವ ಮೊದಲು, ಅವರು ಹೇಳಿದ ಹಾಗೆ ಆಳವಾಗಿ ಹೂಳಿ. ಅರ್ಧ ತಿಂದದ್ದಕ್ಕೆ ಚಿರತೆ ಮರುದಿನ ರಾತ್ರಿ ತಿರುಗಿ ಬರುತ್ತದೆ.

ಅರ್ಜಿಯನ್ನು ಅಕ್ಷಯ ಕೇಂದ್ರದಲ್ಲಿ ಆನ್‌ಲೈನಿನಲ್ಲಿ ಹಾಕಬಹುದು. ಆಧಾರ್, ಬ್ಯಾಂಕ್ ಪಾಸ್‌ಬುಕ್, ಫೋಟೋಗಳು, ಪಶುವೈದ್ಯರ ಸರ್ಟಿಫಿಕೇಟ್ ಕೊಂಡುಹೋಗಿ. ಮನುಷ್ಯರಿಗೆ ಗಾಯವಾಗಿದ್ದರೆ ಆಸ್ಪತ್ರೆಯ ಪ್ರತಿಯೊಂದು ಬಿಲ್ಲೂ, ಡಾಕ್ಟರ ಚೀಟಿಯೂ ಬೇಕು, ಒಂದನ್ನೂ ಬಿಸಾಡಬೇಡಿ. ಕಾಡುಪ್ರಾಣಿಯಿಂದ ಜೀವ ಹೋದರೆ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಇದೆ. ಅರ್ಜಿ ನಂಬರ್ ಬರೆದಿಟ್ಟುಕೊಳ್ಳಿ, ತಿಂಗಳಿಗೊಮ್ಮೆ ಹೋಗಿ ಕೇಳಿ. ಕೇಳದವರ ಫೈಲು ಅಡಿಯಲ್ಲೇ ಉಳಿಯುತ್ತದೆ.

ಮಲಯಾಳ ಬರೆಯಲು ಬಾರದೆ ಎಷ್ಟೋ ಜನ ಅರ್ಜಿ ಹಾಕದೆ ಬಿಡುತ್ತಾರೆ. ಬೇಸರದ ವಿಷಯ ಇದು. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯ ಪ್ರಕಾರ ಇಲ್ಲಿನ ಕನ್ನಡ ಅಲ್ಪಸಂಖ್ಯಾತರು ಸರ್ಕಾರದ ಜೊತೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡಬಹುದು. ನಿಮ್ಮ ಹಟ್ಟಿಯಲ್ಲಿ ಏನಾಯಿತೋ ಅದನ್ನು ನಿಮ್ಮ ಮಾತಿನಲ್ಲೇ ಒಂದು ಹಾಳೆಯಲ್ಲಿ ಬರೆಯಿರಿ, ತಾರೀಕು ಹಾಕಿ, ಎರಡು ಪ್ರತಿ ಮಾಡಿ. ಒಂದನ್ನು ಕಚೇರಿಯಲ್ಲಿ ಕೊಟ್ಟು ಇನ್ನೊಂದಕ್ಕೆ ಸೀಲು ಹಾಕಿಸಿಕೊಂಡು ಬನ್ನಿ.